ತಲೆಕಟ್ಟು

ದುರ್ಗಿಗುಡಿಯಲ್ಲಿ, ಔಷಧಿ ಅಂಗಡಿಯ ಮೇಲೆ
ಎರಡು ಕೋಣೆ, ಒಂದು ಪಡಸಾಲೆ: ಅಷ್ಟೇ ಮ್ಯೂಸಿಯಂ.
ಕಣ್ಣಿನ ಡಾಕ್ಟರು ತಾಜುದ್ದೀನರು ಬದುಕಿಡೀ ಕೂಡಿಟ್ಟದ್ದು:
ಬಿದರಿಯ ಹುಕ್ಕಾ ಬುಡ, ಅತ್ತರಿನ ಕುಡಿಕೆ,
ಅಂಚು ಹುಳ ತಿಂದ ಕುರಾನಿನ ಹಾಳೆ,
ಎಣ್ಣೆಯ ಜಿಡ್ಡು ಇನ್ನೂ ಬಿಡದ ಹಿತ್ತಾಳೆ ದೀಪ.
ಕಣ್ಣು ಪರೀಕ್ಷೆಯ ಬೋರ್ಡು ಗೋಡೆಯಲ್ಲೇ ಉಳಿದಿದೆ,
ಮೇಲೆ ಆನೆಯಂಥ ಅಕ್ಷರ, ಇಳಿದಂತೆ ಇರುವೆ.
ನನ್ನ ಎಡಗಣ್ಣಿನ ಪೊರೆ ತೆಗೆದದ್ದು ಇದೇ ಕೋಣೆಯಲ್ಲಿ.

ಟಿಕೆಟ್ಟು ಹತ್ತು ರೂಪಾಯಿ. ಹರಿದುಕೊಟ್ಟವಳು ದ್ಯಾವಮ್ಮ,
ಆಗ ಆಯಾ, ಈಗ ಇಲ್ಲಿನ ಕಾವಲು.
‘ಪೇಂಟರ್ ರುದ್ರಾಚಾರ್ ಅಲ್ವಾ? ಕಣ್ಣು ಹೆಂಗೈತೆ?’
‘ಕಣ್ಣು ಚೆನ್ನಾಗಿದೆ, ಅದಕ್ಕೆ ಕೆಲಸ ಇಲ್ಲ’ ಅಂದೆ.

ಒಳಕೋಣೆಯ ಗೋಡೆಯಲ್ಲಿ ಒಂದು ಕಲ್ಲು,
ಮೊಳದುದ್ದ, ಒಂದು ಮೂಲೆ ಮುಕ್ಕು,
ಉಬ್ಬಿಸಿ ಕೆತ್ತಿದ ಎರಡು ಸಾಲು.
ನಿಂತೆ. ಏನೋ ಸರಿಯಿಲ್ಲ.
ಚೌಕಟ್ಟು ಒಂದು ನೂಲು ವಾಲಿದರೂ
ಬಡಗಿಯ ಹಲ್ಲು ಜುಮ್ಮೆನ್ನುತ್ತದಲ್ಲ, ಹಾಗೆ.

ಆ ಲಿಪಿ ನನಗೆ ಓದಲು ಬಾರದು. ಬರೆಯಲು ಬರುತ್ತದೆ.
ಹದಿಮೂರಕ್ಕೇ ವಜೀರ್ ಮೇಸ್ತ್ರಿ ಕೈಕೆಳಗೆ ಬಿದ್ದವನು;
ಗಾಂಧಿ ಬಜಾರಿನ ಅರ್ಧ ಬೋರ್ಡು ಒಂದು ಕಾಲಕ್ಕೆ ನಮ್ಮದೇ.
ಕನ್ನಡ ನನ್ನದು, ಉರ್ದು ಅವರದು,
ಅವರ ಕೈ ನಡುಗತೊಡಗಿದ ಮೇಲೆ ಎರಡೂ ನನ್ನದು.
ಅರ್ಥ ಕೇಳಿದರೆ ಅಳತೆ ಹೇಳುತ್ತಿದ್ದರು:
‘ಅಲಿಫ್ ಅಂದ್ರೆ ಏಳು ಚುಕ್ಕಿ ಎತ್ತರ, ರುದ್ರಾ.
ನಿಮ್ಮಮ್ಮ ಬಾಗಿಲಿಗೆ ಹಾಕೋದೂ ಚುಕ್ಕಿ ಲೆಕ್ಕಾನೇ ಅಲ್ವಾ?
ತಲೆ ಕಡೆ ದಪ್ಪ, ಕಾಲ ಕಡೆ ಮುಳ್ಳು.
ನಿಮ್ಮ ಅಕ್ಷರಕ್ಕೆ ತಲೆಕಟ್ಟು ಇರೋ ಹಂಗೆ
ನಮ್ಮದಕ್ಕೂ ತಲೆ ಅಂತ ಒಂದಿದೆ. ಮರೀಬೇಡ.’

ಕಲ್ಲಿನ ಮೇಲೆ ದಪ್ಪ ತಲೆಗಳೆಲ್ಲ ನೆಲ ನೋಡುತ್ತಿದ್ದವು,
ಹಗಲಿನ ಬಾವಲಿಗಳು.

‘ದ್ಯಾವಮ್ಮ, ಇದು ತಲೆಕೆಳಗು.’
ಬಂದಳು, ನೋಡಿದಳು, ಸೆರಗಿನಿಂದ ಕಲ್ಲು ಒರೆಸಿದಳು,
ಧೂಳಿನ ತಪ್ಪೇನೋ ಎಂಬಂತೆ.
‘ನಾಲ್ಕು ವರ್ಷ ಆತು, ಯಾರೂ ಅಂದಿಲ್ಲ.
ಬೆಂಗ್ಳೂರಿಂದ ಬಂದೋರು ಸಿಮೆಂಟು ಮೆತ್ತಿ ಹೋದ್ರು.
ಬುಕ್ಕಲ್ಲಿ ಬರೀರಿ.’
ಬರೆದೆ. ನನಗಿಂತ ಮೇಲೆ ಮೂರು ಜನ:
‘ತುಂಬಾ ಚೆನ್ನಾಗಿದೆ.’ ‘ಸೂಪರ್.’
‘ಕುಡಿಯುವ ನೀರಿನ ವ್ಯವಸ್ಥೆ ಇಲ್ಲ.’

ಟಿಕೆಟ್ಟಿನ ಬೆನ್ನಿಗೆ ಆ ಎರಡು ಸಾಲು
ನೆಟ್ಟಗೆ ನಿಲ್ಲಿಸಿ ಬರೆದುಕೊಂಡು
ಮೇಸ್ತ್ರಿ ಮಗಳ ಮನೆಗೆ ಹೋದೆ, ಟ್ಯಾಂಕ್ ಮೊಹಲ್ಲಾಕ್ಕೆ.
ನಫೀಸಾ ಟೀಚರು ಕನ್ನಡಕ ಹಣೆಗೇರಿಸಿ
ಚೀಟಿ ಮೂಗಿನ ಹತ್ತಿರ ಹಿಡಿದಳು.
‘ಫಾರ್ಸಿ, ಚಾಚಾ. ಪೂರ್ತಿ ಬರಲ್ಲ ನನಗೆ.
ಇದು ಆಬ್, ಅಂದ್ರೆ ನೀರು.
ಇದು ದಾರಿಹೋಕ ಅಂತ ಇರಬೇಕು.
ಮುಂದಿಂದು ಮುಕ್ಕಾಗಿದೆ.’
ಯಾವ ಊರಿನ ಬಾವಿಕಟ್ಟೆಯದೋ, ಯಾರು ತೋಡಿಸಿದ್ದೋ,
ಡಾಕ್ಟರು ಇದ್ದಿದ್ದರೆ ಕೇಳಬಹುದಿತ್ತು.
ಟೀ ಆರಿತು. ಚೀಟಿ ವಾಪಸು ಕೊಡಲಿಲ್ಲ ಅವಳು.
‘ಅಲಿಫ್ ಮಾತ್ರ ಅಬ್ಬಾಂದು’ ಅಂದಳು.

ಮೊನ್ನೆ ಮತ್ತೆ ಹೋಗಿದ್ದೆ. ಕಲ್ಲು ಹಾಗೇ ಇದೆ.
ಕಾಗದ ಬೆಂಗಳೂರಿಗೆ ಮುಟ್ಟಿದೆಯಂತೆ, ಅಲ್ಲೇ ಇದೆಯಂತೆ.
ನಾಲ್ಕನೇ ಕ್ಲಾಸಿನ ಮಕ್ಕಳು ಬಂದಿದ್ದವು.
ಡಾಕ್ಟರು ಅಕ್ಷರ ತೋರಿಸುತ್ತಿದ್ದ ಕೋಲು ಹಿಡಿದು ದ್ಯಾವಮ್ಮ
‘ಗೋಡೆಗೆ ಬೆನ್ನು ಮಾಡಿ. ಬಗ್ಗಿ. ಇನ್ನೂ ಬಗ್ಗಿ.
ಕಾಲ ಸಂದೀಲಿ ನೋಡಿ. ಈಗ ಸರಿಯಾಗಿ ಕಾಣ್ತತಾ?’
‘ಕಾಣ್ತತೆ!’
ಸಾಲಾಗಿ ಬಾಗಿದ್ದವು ಇಪ್ಪತ್ತೆಂಟು ಬೆನ್ನು,
ನಗು ತಡೆಯಲಾರದೆ ಅಲುಗುತ್ತ.
ಒಬ್ಬನ ಜೇಬಿನಿಂದ ಗೋಲಿಗಳು ಜಾರಿ
ನೆಲದ ಮೇಲೆಲ್ಲ ಚುಕ್ಕಿ.
ಅಭ್ಯಾಸ, ಎಣಿಸಿದೆ. ಆರು.
ಹುಕ್ಕಾದ ಪೆಟ್ಟಿಗೆಯ ಅಡಿಗೆ ಕೈ ಹಾಕಿ ತಡಕುತ್ತಿದ್ದ ಹುಡುಗ
ತಲೆ ಎತ್ತಿ ಹೇಳಿದ:
‘ಇನ್ನೊಂದು ಇತ್ತು ಅಜ್ಜ.’