ಬಿ ಡಿವಿಷನ್

ಮೈಕು ಕಪಾಟಿನ ಮೇಲಿದೆ, ಹಳೇ ಲುಂಗಿಯಲ್ಲಿ ಸುತ್ತಿ.
ಮೇ ಕೊನೆಯಿಂದ ಅದು ಕೆಮ್ಮಿಲ್ಲ.
ಗಂಟಲಿಗೆ ಮಾತ್ರ ರಜೆಯಿಲ್ಲ.
ಸೈಕಲ್ಲಿನ ಹ್ಯಾಂಡಲಿಗೆ ಲಾಟರಿ ಹಲಗೆ ಕಟ್ಟಿ
ಬಂದ್ಯೋಡಿನಿಂದ ಕುಂಬಳೆ ಪೇಟೆಯವರೆಗೆ
ಹಗಲಿಡೀ ಕೂಗುತ್ತೇನೆ: ನಾಳೆ, ನಾಳೆ, ನಾಳೆ.

ಈ ಮಾತಿಗೆ ಇಲ್ಲಿ ದುಭಾಷಿ ಬೇಡ.
ಮಲಯಾಳದಲ್ಲೂ ನಾಳೆಯೇ, ಕನ್ನಡದಲ್ಲೂ ನಾಳೆಯೇ.
ತುಳುವಿನಲ್ಲಿ ಮಾತ್ರ ನಾಳೆಗೆ ಎಲ್ಲೆ ಅನ್ನುತ್ತಾರೆ;
ನನ್ನ ಕನ್ನಡದಲ್ಲಿ ಎಲ್ಲೆಯೆಂದರೆ ಸುಣ್ಣದ ಗೆರೆ,
ಚೆಂಡು ದಾಟಿದ್ದೇ ನಾನು ಅರಚಬೇಕಾದ ಜಾಗ.

ಟಿಕೆಟಿನ ನಾಳೆ ಯಾರದ್ದೋ.
ನನ್ನದು ಡಿಸೆಂಬರಿನ ಮೊದಲ ಶನಿವಾರ,
ರಾತ್ರಿ ಏಳೂವರೆ, ಶಿರಿಯ ಹೊಳೆಯಾಚೆಯ ಗದ್ದೆ,
ಬಿ ಡಿವಿಷನ್ ಸೆವೆನ್ಸ್, ಮೊದಲ ಪಂದ್ಯ.
ಇನ್ನು ಹತ್ತೊಂಬತ್ತು ದಿನ.

ಏಣಿಲು ಕೊಯ್ದ ಗದ್ದೆಯಲ್ಲಿ ಕೂಳೆ ಇನ್ನೂ ಚುಚ್ಚುತ್ತದೆ,
ಮೂರು ಗಂಟೆಗೆ ಸರಿಯಾಗಿ ತುಲಾಮಳೆಯ ಗುಡುಗು.
ನಿನ್ನೆ ಹೋಗಿ ನೋಡಿದೆ: ಪೆನಾಲ್ಟಿ ಜಾಗದಲ್ಲಿ
ಒಂದು ಕೊಕ್ಕರೆ, ಸಂಬಳ ಸಿಗದ ರೆಫ್ರಿಯ ಹಾಗೆ.
ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು
ಅದಕ್ಕೇ ಹೇಳಿದೆ ಎರಡು ಮಾತು:
ಎಡಗಡೆಯಿಂದ ಬಂತು, ನಿಂತಿತು, ತಿರುಗಿತು, ಓಹೋ...
ಹಾರಿಹೋಯಿತು. ಸ್ವರ ಇದೆ, ಪರವಾಗಿಲ್ಲ.

ಮನೆಯಲ್ಲೂ ಹೀಗೆಯೇ. ವಾರಿಜ ಬೂತಾಯಿ ಕೊಯ್ಯುವಾಗ
ಬೆಕ್ಕು ಬಲ ಬದಿಯಿಂದ ಮುನ್ನುಗ್ಗುವುದನ್ನು
ನಾನು ಸುಮ್ಮನೆ ನೋಡುವುದು ಹೇಗೆ?
“ಹೇಳಿದ್ದು ಸಾಕು, ಅದನ್ನು ಓಡಿಸಿ ಮಾರಾಯ್ರೆ” ಅನ್ನುತ್ತಾಳೆ.

ಎ ಡಿವಿಷನ್ನಿನವರಿಗೆ ಫ್ಲೆಕ್ಸು, ಪೇಪರಿನಲ್ಲಿ ಫೋಟೊ.
ನಮ್ಮವರಿಗೆ ನಾನು.
ಪೈವಳಿಕೆಯ ಮುರಕಲ್ಲು ಕೋರೆಯ ಬಾಬುರಾಜನ
ಪೂರ್ತಿ ಹೆಸರನ್ನು ಜನರೆದುರು ಕರೆದವರು ಮೂವರೇ:
ಹಾಜರಿ ಹಾಕಿದ ಮಾಷ್ಟ್ರು, ಒಮ್ಮೆ ಠಾಣೆಯ ರೈಟರು,
ಮತ್ತೆ ನಾನು, ಕಳೆದ ಸೆಮಿಫೈನಲಿನ ಕೊನೇ ನಿಮಿಷದಲ್ಲಿ.
ಅವನ ಎಡಗಾಲಿಗೂ ಅದು ಕೇಳಿಸಿತ್ತೆಂದು ನನ್ನ ನಂಬಿಕೆ.

ಗೋಲಿ ಮುನವ್ವರನ ಬೆರಳು ಬೋಟಿನ ಹಗ್ಗಕ್ಕೆ ಸಿಕ್ಕಿದೆ,
ಬರುತ್ತಾನೋ ಇಲ್ಲವೋ.
ಡೆನ್ಜಿಲ್ ಕ್ರಾಸ್ತಾ ಒಂದು ವರ್ಷ ಮೇಲೆ ಹೋದ,
ಮಂಡಿಗೆ ಪಟ್ಟಿ ಸುತ್ತಿಕೊಂಡು ಇಳಿದು ಬಂದ.
ಈಗ ಬೇಕರಿಯಲ್ಲಿ ಪಫ್ಸಿನ ತಟ್ಟೆ ಹಿಡಿದು
ಟೇಬಲುಗಳ ನಡುವೆ ನುಸುಳುವಾಗ ಅದೇ ಸೊಂಟದ ತಿರುವು.
ಆಡ್ತೀಯಾ ಅಂತ ಕೇಳಿದೆ. ಚಾ ಇಟ್ಟು ಹೋದ.
ದುಡ್ಡು ತೆಗೆದುಕೊಳ್ಳಲಿಲ್ಲ.
ಹೌದೆಂದೇ ಲೆಕ್ಕ ಹಿಡಿದಿದ್ದೇನೆ.

ಇನ್ನೊಂದು ಸುದ್ದಿಯಿದೆ.
ಕಮಿಟಿಯವರು ಕಾಞಂಗಾಡಿನ ಹುಡುಗನೊಬ್ಬನನ್ನು ಕೇಳಿದ್ದಾರಂತೆ.
ಗೋಲ್ ಅನ್ನುವ ಒಂದಕ್ಷರವನ್ನು
ಒಂದೇ ಉಸಿರಿಗೆ ಅರ್ಧ ನಿಮಿಷ ಎಳೆಯುತ್ತಾನಂತೆ.
ನನಗೆ ಅಷ್ಟು ಪುರುಸೊತ್ತಿಲ್ಲ.
ಗೋಲಾದ ಮೇಲೆಯೇ ನನಗೆ ಹೇಳಲಿಕ್ಕಿರುವುದು:
ಚೆಂಡು ಕೊಟ್ಟವನು ಯಾರು, ಬಿದ್ದು ದಾರಿ ಬಿಟ್ಟವನು ಯಾರು,
ಇವನ ಮಾವ ಇದೇ ಪೋಸ್ಟಿಗೆ ಹಣೆ ಒಡೆದುಕೊಂಡದ್ದು ಯಾವ ವರ್ಷ,
ಅದೂ ಮೂರು ಭಾಷೆಯಲ್ಲಿ,
ಬ್ಯಾರಿಯಲ್ಲೊಂದು ತಮಾಷೆ ಸೇರಿಸಿ.

ಇವತ್ತು ಅಧ್ಯಕ್ಷರು ಪೇಟೆಯಲ್ಲಿ ಸಿಕ್ಕಿದರು,
ಟಿಕೆಟು ತೆಗೆದುಕೊಂಡರು, ಮೈಕಿನ ಮಾತೆತ್ತಲಿಲ್ಲ.
“ನಾಳೆಯದ್ದಾ ಶೆಟ್ಟಿಗಾರ್ರೇ?”
“ನಾಳೆಯದ್ದೇ” ಅಂದೆ. ಚಿಲ್ಲರೆ ಎಣಿಸಿ ಹೋದರು.

ರಾತ್ರಿ ಲುಂಗಿ ಬಿಚ್ಚಿ ಮೈಕು ಕೆಳಗಿಳಿಸಿದೆ.
ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಜಾಲರಿ ತಿಕ್ಕಿದಾಗ
ಹೋದ ವರ್ಷದ ಗದ್ದೆಧೂಳು ಅಂಗೈಗೆ ಬಿತ್ತು.
ಪ್ಲಗ್ಗು ಚುಚ್ಚದೆಯೇ ಬಾಯಿಗೆ ಹಿಡಿದು
ಒಂದು ಅಂದೆ, ಎರಡು ಅಂದೆ.
ಮೂರು ಅನ್ನಲಿಲ್ಲ. ಅದು ಗದ್ದೆಗೆ.