ನೂರಾ ಇಪ್ಪತ್ತಕ್ಕ

ಕಪಡಾ ಬಜಾರದ ಮೂಲ್ಯಾಗ ಲಾಡ್ಲೆಸಾಬ
ಗೋಣಿ ಹಾಸಿ ಹರವ್ಯಾನ ಮಡಚೋ ಚಾಕು:
ಕೆಂಪು ಹಿಡಿ, ಹಸಿರು ಹಿಡಿ, ಕಟ್ಟಿಗಿ ಬಣ್ಣದ ಪ್ಲಾಸ್ಟಿಕ್ ಹಿಡಿ,
ಒಂದರ ಮ್ಯಾಲ ಹುಲಿ, ಇನ್ನೊಂದರ ಮ್ಯಾಲ
ಸ್ಟೇನ್‌ಲೆಸ್ ಅಂತ ಬರಿಲಾಕ ಹೋಗಿ
ಒಂದು ಅಕ್ಷರ ನುಂಗಿದ ಮುದ್ರಿ.

ನಾ ಗಂಜಿನಾಂವ. ತೊಗರಿ ಚೀಲಕ್ಕ ಪರಖಿ ಚುಚ್ಚಿ
ಅಂಗೈಯಾಗ ಒಂದು ಹಿಡಿ ಸುರಕೊಂಡು
ಹಸಿ ಎಷ್ಟು, ಹೊಟ್ಟು ಎಷ್ಟು, ಹುಳಾ ಎಷ್ಟು
ಹೇಳಿ ಹೊಟ್ಟಿ ಹೊರಕೊಳ್ಳಾಂವ.
ಚೀಲದ ಬಾಯಾಗಿನ ಕಾಳು ಯಾವಾಗ್ಲೂ ಚಂದ ಇರ್ತಾವ.
ಚಾಕುನೂ ಹಂಗೇ, ನಡುವಿನಿಂದ ನೋಡಬೇಕು.

ಮೊದಲು ತೆಗೀಬ್ಯಾಡ. ಮುಚ್ಚಿದ್ದನ್ನೇ ಬಿಸಲಿಗೆ ಹಿಡಿ.
ಅಲಗು ಹಿಡಿಯ ನಟ್ಟನಡುವ ಮಲಗ್ಯದೋ,
ಒಂದು ಗೋಡಿಗಿ ಒರಗ್ಯದೋ?
ಒರಗಿದ್ದು ದಿನಾ ತನ್ನ ಮನಿನೇ ಕೆರಕೊಂತ ಇರ್ತದ.
ಆಮ್ಯಾಲ ಕಿವಿ ಹತ್ರ ತಂದು ತೆಗಿ.
ಟಕ್ ಅನ್ನಬೇಕು, ಸಣ್ಣಗ,
ಮುನೀಮ ಲೆಕ್ಕಾ ಮುಗಿಸಿ ವಹಿ ಮುಚ್ಚಿದಂಗ.
ಕಿರ್ರ್ ಅಂದ್ರ ಒಳಗ ಉಸುಕು ಅದ.
ಏನೂ ಅನ್ನಲಿಲ್ಲಂದ್ರ
ಕೆಳಗಿಟ್ಟು ಬಿಡು.

ತುದಿ ಹಿಡದು ಎಡಕ್ಕ ಬಲಕ್ಕ ಅಲಗಾಡ್ಸು,
ಏಳು ವರ್ಷದ ಹುಡುಗನ ಹಲ್ಲಿನಂಗ ಆಡಬಾರದು.
ಬೆನ್ನು ಕಟ್ಟಿಗಿಗೆ ಬಡಿ, ಎರಡು ಸಲ.
ಬಟ್ಟು ಅದರ ದಾರ್ಯಾಗ ಇಡಬ್ಯಾಡ
(ಇದನ್ನ ನಾ ತಡಾ ಮಾಡಿ ಕಲತೀನಿ).

ಐದು ತೆಗದೆ, ಐದೂ ಇಟ್ಟೆ.
ಲಾಡ್ಲೆಸಾಬ ಬೀಡಿ ಬೂದಿ ಕೊಡವಿ ಕೇಳಿದ:
"ನೂರಾ ಇಪ್ಪತ್ತಕ್ಕ ಎಷ್ಟು ಪ್ರಶ್ನಿ ಕೇಳ್ತೀರಿ ಮಾಲಕ,
ರೂಪಾಯಿಗೊಂದಾ?"
ಆರನೇದು ತಗೊಂಡೆ. ತಿಳಿ ಹಸಿರು.

ಅರವತ್ತು ಚೀಲದ ಸುತಳಿ ಬೆಣ್ಣಿ ಕೊಯ್ದಂಗ ಕೊಯ್ತು.
ಅರವತ್ತೊಂದನೇದಕ್ಕ ಕೊಯ್ಯೋದು ಬಿಟ್ಟು
ಅಗೀಲಾಕ ಸುರು ಮಾಡ್ತು.
ಮಿಲ್ಲಿನ ಹೊಸ್ತಲದಾಗ ಶಾಬಾದಿ ಪರಸಿ ಅದ,
ಎಂಜಲ ಹಚ್ಚಿ ಹತ್ತು ಸಲ ಆಕಡಿ, ಹತ್ತು ಸಲ ಈಕಡಿ.
ಮೆತ್ತನ ಲೋಹ. ಲಗೂ ಹರಿತ ಆಗ್ತದ,
ಲಗೂ ಮೊಂಡ ಆಗ್ತದ.
ದಿನಾ ಸಂಜಿಗಿ ಅದರ ಜೋಡಿ ಹತ್ತು ನಿಮಿಷ ಕೂಡ್ತಿದ್ದೆ,
ಬ್ಯಾಸರ ಅನಸಲಿಲ್ಲ.

ಮೂರನೇ ವಾರ, ಕಸ ಹೊಡಿಯೋ ಸಾಬಮ್ಮ
ಬೆಲ್ಲದ ಡಬ್ಬಿ ತಂದ್ಲು. ಮುಚ್ಚಳ ಕಚ್ಕೊಂಡಿತ್ತು.
ಹಮಾಲರು ಚಾ ಕುಡಕೋತ ನೋಡಲತ್ತಿದ್ರು.
ಎಲ್ಲಾ ತಿಳಿದಾಂವ ನಾ,
ತುದಿ ಮುಚ್ಚಳದ ಕೆಳಗ ಇಟ್ಟು ಮೀಟಿದೆ.
ಒಳಗಿನ ಕೊಂಡಿ ಸರೀತು. ಚಾಕು ತಾನೇ ಮಡಚಿಕೊಳ್ತು,
ನಡುವ ನನ್ನ ತೋರು ಬಟ್ಟು.
ಟಕ್ ಅಂತು. ಬರೋಬ್ಬರಿ ಟಕ್.

ಸರ್ಕಾರಿ ದವಾಖಾನ್ಯಾಗ ಮೂರು ಹೊಲಿಗಿ.
ತಿರುಗಿ ಬರೂದ್ರಾಗ ಸಾಬಮ್ಮ
ಚಮಚದ ಹಿಂದಿನ ತುದೀಲೆ ಡಬ್ಬಿ ತೆಗದು
ಎಲ್ಲಾರಿಗೂ ಬೆಲ್ಲ ಹಂಚಿದ್ಲು.
ನನಗೊಂದು ಚೂರು ಕಾಗದದಾಗ ಸುತ್ತಿ ಇಟ್ಟಿದ್ಲು.

ಸಿಟ್ಟಿಲೆ ಹೋದೆ ಬಜಾರಕ್ಕ.
ಲಾಡ್ಲೆಸಾಬ ಚಾಕು ನೋಡಲಿಲ್ಲ, ಪಟ್ಟಿ ನೋಡಿದ.
"ಏನ್ ಮಾಡಲತ್ತಿದ್ರಿ?"
ಹೇಳಿದೆ.
"ನಿಮ್ಮ ಪರಖಿಲೆ ಯಾವತ್ತರೆ ಕೀಲಿ ತೆಗದೀರೇನು?"
ಆಮ್ಯಾಲ ಇಸ್ಕ್ರೂ ಎರಡು ಸುತ್ತು ಬಿಗಿ ಮಾಡಿಕೊಟ್ಟ.
ರೊಕ್ಕ ಕೇಳಲಿಲ್ಲ. ಅದಕ್ಕೇ ಇನ್ನಾ ಸಿಟ್ಟು ಬಂತು.

ಈಗೂ ಕಿಸೆದಾಗ ಅದ, ಸೈಕಲ್ ಟ್ಯೂಬಿನ ಉಂಗುರ ಹಾಕೀನಿ
ತಾನೇ ತೆರೀಬಾರದಂತ.
ಸುತಳಿ, ಉಳ್ಳಾಗಡ್ಡಿ, ಮಗಳ ಪೆನ್ಸಿಲ್. ಅಷ್ಟೇ.
ಡಬ್ಬಿಗೆ ಚಮಚ ಇಟ್ಟೀನಿ.

ತೋರು ಬಟ್ಟಿನ ತುದಿಗೆ ಮಾತ್ರ
ಕಾಳಿನ ಹಸಿ ಈಗ ತಿಳಿಯಂಗಿಲ್ಲ.
ನಡು ಬಟ್ಟಿಗೆ ಕಲಸಲತ್ತೀನಿ.