ನೂರಕ್ಕೆ ನಾಲ್ಕು

ಗುತ್ತಲು ರಸ್ತೆಯಲ್ಲಿ ಯಾರು ಏನು ಕೊಂಡರೂ
ಮೊದಲು ದಾಕ್ಷಾಯಿಣಿಗೆ ಗೊತ್ತಾಗುತ್ತಿತ್ತು.
ಎದುರುಮನೆ ಸಿದ್ಧಲಿಂಗಪ್ಪನವರ ಫ್ರಿಜ್ಜು,
ಬಸರಾಳಿನ ಚಿಕ್ಕಮ್ಮನ ಮಗನ ಟ್ರ್ಯಾಕ್ಟರಿಗೆ ಎರಡು ಟೈರು,
ನಗೀನಾ ಟೀಚರ್ ಮಗಳ ನರ್ಸಿಂಗ್ ಕಾಲೇಜಿನ ಫೀಸು,
ಎಲ್ಲಕ್ಕೂ ನನ್ನ ಹೆಂಡತಿ ಜೊತೆಗೆ ಹೋಗಿ
ತನ್ನ ಕಾರ್ಡು ಉಜ್ಜಿ
ಅವರ ಕೈಯಿಂದ ನೋಟು ಎಣಿಸಿಕೊಂಡು ಬರುತ್ತಿದ್ದಳು.
ನೂರಕ್ಕೆ ನಾಲ್ಕು ಪಾಯಿಂಟು.

ನನಗೆ ನಾಚಿಕೆ.
ಮದ್ದೂರಿನ ಹೋಟೆಲಲ್ಲಿ ಒಂಬತ್ತು ಜನ ವಡೆ ತಿಂದು ಕೈ ತೊಳೆದಾಗ
‘ನಾನೇ ಕೊಡ್ತೀನಿ ಬಿಡಿ’ ಅಂತ ಎದ್ದಳು.
ಭಾವನ ಮನೆಯವರೆಲ್ಲ ಎಂಥ ದೊಡ್ಡ ಮನಸ್ಸು ಅಂದುಕೊಂಡರು.
ಕಾರು ಹತ್ತುವ ಮುಂಚೆ
ತಲಾ ನೂರಾ ಮೂವತ್ತೆಂಟು ಕೇಳಿದಳು.

ಹಳೆಯ ಚೀಟಿ ವ್ಯವಹಾರದ ಪುಸ್ತಕವನ್ನು ತಿರುಗಿಸಿ
ಹಿಂದಿನ ಹಾಳೆಯಿಂದ ಬರೆಯುತ್ತಾ ಬಂದಳು:
ಹೆಸರು, ತಾರೀಕು, ಮೊತ್ತ, ಪಾಯಿಂಟು.
ಬಿಲ್ಲು ಕಟ್ಟುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು.
ಏಳು ವರ್ಷದಲ್ಲಿ ಒಂದು ರೂಪಾಯಿ ಬಡ್ಡಿ ತೆತ್ತವಳಲ್ಲ.
‘ಬಡ್ಡಿ ಕಟ್ಟಿದ ದಿನ
ಅವರು ನಮ್ಮನ್ನೇ ಉಜ್ಜಿದ ಹಾಗೆ ಕಣ್ರೀ.’

ಒಬ್ಬ ಮಾತ್ರ ಕೈಕೊಟ್ಟ. ನನ್ನ ತಮ್ಮ, ಷಡಕ್ಷರಿ.
ಹನ್ನೊಂದು ಸಾವಿರದ ಮೊಬೈಲು ಕೊಂಡವನು
ನಾಳೆ ಅಂದ, ಸೋಮವಾರ ಅಂದ,
ಆಮೇಲೆ ಅದೇ ಮೊಬೈಲಿನಲ್ಲಿ ನಮ್ಮ ಕರೆ ಎತ್ತಲಿಲ್ಲ.
ಹೊಲಿಗೆ ಯಂತ್ರದ ಡ್ರಾಯರಿನಿಂದ ತೆಗೆದು ತಾನೇ ಕಟ್ಟಿದಳು.
ಪುಸ್ತಕ ಇಣುಕಿ ನೋಡಿದೆ. ಬೈಗುಳ ಇಲ್ಲ.
‘ಷಡಕ್ಷರಿ, ೪೪೦.’ ಅಷ್ಟೇ.

ಒಂದು ಮಂಗಳವಾರ ರಾತ್ರಿ ಆಫರ್ ಬಂತು.
ಚೆನ್ನೈನಿಂದ ಮೂರು ರಾತ್ರಿಯ ಹಡಗು,
ಈ ಕಾರ್ಡಿದ್ದವರಿಗೆ ಎರಡನೆಯ ಟಿಕೆಟ್ಟು ಪುಕ್ಕಟೆ,
ಹನ್ನೆರಡರೊಳಗೆ ಮುಗಿಸಬೇಕು.
ಹನ್ನೊಂದೂ ನಲವತ್ತಕ್ಕೆ ಕರೆಂಟು ಹೋಯಿತು.
ವೈಫೈ ಸತ್ತಿತು. ಒಟಿಪಿ ಬರಲಿಲ್ಲ.
ಮೊಬೈಲು ಎತ್ತಿ ಹಿಡಿದು ತಾರಸಿಗೆ ಓಡಿದಳು,
ಹಿಂದೆ ನಾನು, ಟಾರ್ಚು.
ನೀರಿನ ಟ್ಯಾಂಕಿನ ಏಣಿಯ ಎರಡನೆಯ ಮೆಟ್ಟಿಲಲ್ಲಿ
ಆರು ಅಂಕಿ ಬಂದವು.
ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆಯ ನಡುವೆ
ನಮಗೆ ಸಮುದ್ರ ಸಿಕ್ಕಿತು.

ಪಾಯಿಂಟೆಲ್ಲ ಸವೆದು ಸೊನ್ನೆ.
ಬಂದರಿನ ತೆರಿಗೆ ಬೇರೆ ಕಟ್ಟಿ ಅಂದರು.
ಅದನ್ನೂ ಕಾರ್ಡಿನಲ್ಲೇ ಕಟ್ಟಿ
ಸೊನ್ನೆ ಹೊಡೆದು ಇನ್ನೂರೆಂಟು ಬರೆದಳು.

ಕೊಟ್ಟದ್ದು ಒಳಕೋಣೆ. ಕಿಟಕಿ ಇಲ್ಲ.
ಮೂವತ್ತು ವರ್ಷ ಊರಿನವರ ಕಣ್ಣು ಪರೀಕ್ಷಿಸಿ
ಕನ್ನಡಕ ಮಾರಿದವನಿಗೆ
ನಡುನೀರಿನಲ್ಲಿ ನಾಲ್ಕು ಗೋಡೆ.
ಟೀವಿಯ ಒಂದು ಚಾನಲ್ಲು ಹೊರಗಿನ ಅಲೆಗಳನ್ನು ತೋರಿಸುತ್ತಿತ್ತು.
‘ನಮ್ಮ ನಾಲೆಯೇ ಇದಕ್ಕಿಂತ ಚೆನ್ನಾಗಿದೆ’ ಅಂದೆ.
ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರು ಗಂಟೆಗೆ ಎಬ್ಬಿಸಿದಳು.
ಮೇಲೆ ಯಾರೂ ಇಲ್ಲ.
ಕುರ್ಚಿಗಳಿಗೆ ಸರಪಳಿ ಬಿಗಿದಿದ್ದರು.
ಕಪ್ಪು, ಅದರ ಕೆಳಗೆ ಇನ್ನೂ ಕಪ್ಪು,
ಹಡಗಿನ ಮಗ್ಗುಲಿಗೆ ಬಿಳಿ ನೊರೆ,
ಆಲೆಮನೆಯ ಕೊಪ್ಪರಿಗೆ ಉಕ್ಕಿದ ಹಾಗೆ.

ಕಂಬಿ ಮುಟ್ಟಿ ಅಂದಳು:
‘ಇದು ಸಿದ್ಧಲಿಂಗಪ್ಪನವರ ಫ್ರಿಜ್ಜು.’
ಮೆಟ್ಟಿಲು ತೋರಿಸಿ, ‘ಅದು ಬಸರಾಳಿನ ಟೈರು.
ಆ ದೀಪ ಟೀಚರ್ ಮಗಳ ಫೀಸು.
ರಾತ್ರಿ ತಿಂದಿರಲ್ಲ ಐಸ್‌ಕ್ರೀಮು,
ಒಂಬತ್ತು ಜನರ ವಡೆ.’
ಇಡೀ ಗುತ್ತಲು ರಸ್ತೆ ನಮ್ಮ ಕಾಲ ಕೆಳಗೆ
ತೇಲುತ್ತಿತ್ತು,
ತನಗೇ ಗೊತ್ತಿಲ್ಲದೆ, ನಿದ್ದೆಯಲ್ಲಿ.

‘ಷಡಕ್ಷರಿಯದು?’

ಬಹಳ ಹೊತ್ತು ಮಾತಿಲ್ಲ. ಸೆರಗು ಪಟಪಟ ಹೊಡೆಯುತ್ತಿತ್ತು.
‘ಈ ಗಾಳಿ ಅಂದ್ಕೊಳ್ಳಿ’ ಅಂದಳು.
‘ತಣ್ಣಗಿದೆ.’

ಕನ್ನಡಕ ತೆಗೆದೆ. ಗಾಜಿಗೆ ಉಪ್ಪು ಹತ್ತಿತ್ತು.
ಒರೆಸದೆ ಜೇಬಿಗಿಟ್ಟುಕೊಂಡೆ.